ರೋಗಿಗೆ ತಿಳಿಸುವ ವಿದ್ಯೆ

ದೆಹಲಿಯ ಮುನಿರ್ಕಾದಲ್ಲಿ, ಬಾಬಾ ಗಂಗನಾಥ ಮಾರ್ಗದ ಮಗ್ಗುಲಲ್ಲಿ ನೆಲೆಗೊಂಡಿರುವ ರಾಷ್ಟ್ರೀಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆಯು, ಕುಟುಂಬ ಯೋಜನೆಗೆಂದು ಇದ್ದ ಒಂದು ಸಂಸ್ಥೆಯೂ ಆರೋಗ್ಯಾಡಳಿತ ಹಾಗೂ ಶಿಕ್ಷಣಕ್ಕೆಂದು ಇದ್ದ ಮತ್ತೊಂದು ಸಂಸ್ಥೆಯೂ 1977ರ ಮಾರ್ಚ್ 9ರಂದು ಒಂದುಗೂಡಿದುದರ ಫಲವಾಗಿ ಜನ್ಮ ತಾಳಿತು. ಆ ಕಾಲದ ಆರೋಗ್ಯಶಿಕ್ಷಣದ ದೃಷ್ಟಿಯೆಲ್ಲ ಜನಸಮೂಹದ ಮೇಲಿತ್ತು. ಒಬ್ಬ ರೋಗಿಗೆ ಅವನ ಅಂಗೈಯಲ್ಲಿರುವ ಗುಳಿಗೆಯ ವಿಷಯವಾಗಿ ಏನೇನು ತಿಳಿದಿರಬೇಕು, ಅದನ್ನು ತಿಳಿಸಬೇಕಾದವರು ಯಾರು, ಯಾವ ಭಾಷೆಯಲ್ಲಿ ತಿಳಿಸಬೇಕು ಎಂಬ ಪ್ರಶ್ನೆಗಳು ಇನ್ನೂ ಬಾಗಿಲ ಹೊರಗೇ ನಿಂತಿದ್ದವು.

ಅದಕ್ಕೂ ಹಿಂದಿನ ಸ್ಥಿತಿಯನ್ನು ಅರಿಯಲು ನಮ್ಮ ನಾಡಿನ ಕಡೆಗೇ ತಿರುಗಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನಕ್ಕೆ ದೊರೆತದ್ದು ತಿಳಿವಳಿಕೆಗಿಂತ ಹೆಚ್ಚಾಗಿ ಆಜ್ಞೆ. ಆಜ್ಞೆಯ ಹಿಂದಿನ ಕಾರಣವನ್ನು ವಿವರಿಸದೆ ಹೋದುದರಿಂದ ರೋಗದಷ್ಟೇ ಅಧಿಕಾರಿಯೂ ಭಯಕಾರಣನಾದನು. 1930ರಲ್ಲಿ ಮೈಸೂರು ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದುದು ಬೇರೆ ಬಗೆಯ ಹೆಜ್ಜೆ, ಏಕೆಂದರೆ ಅಲ್ಲಿ ಸ್ತ್ರೀಯು ತಾನಾಗಿ ಬಂದು ಕೇಳಬಹುದಾಗಿತ್ತು. ಸ್ವಾತಂತ್ರ್ಯಾನಂತರ, 1956ರಲ್ಲಿ, ಕೇಂದ್ರ ಆರೋಗ್ಯ ಶಿಕ್ಷಣ ಬ್ಯೂರೋ ಸ್ಥಾಪಿತವಾಯಿತು. ಆದರೆ ಕನ್ನಡದ ಮನೆಗಳಲ್ಲಿ ಈ ಕಾರ್ಯವನ್ನು ನಿಜಕ್ಕೂ ನೆರವೇರಿಸಿದುದು ಯಾವ ಸರ್ಕಾರಿ ಕಚೇರಿಯೂ ಅಲ್ಲ, ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನರ ಲೇಖನಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ ಮುಂತಾದ ಅವರ ಗ್ರಂಥಗಳು, ಹಿರಿಯರ ಮುಂದೆ ಬಾಯಿ ತೆರೆಯಲಾರದ ವಿಷಯಗಳನ್ನು ಸಂಕೋಚವಿಲ್ಲದ ಕನ್ನಡದಲ್ಲಿ ಮನೆಯೊಳಕ್ಕೆ ತಂದವು.

ಈ ವಿದ್ಯೆಯ ಇತಿಹಾಸದಲ್ಲಿ ಅತ್ಯಂತ ಮಹತ್ತ್ವದ ತಿರುವು, ನನಗೆ ತೋರುವಂತೆ, 1971ರಲ್ಲಿ ಬಂಗಾಳದ ಬನಗಾಂವ್ ಎಂಬ ಗಡಿಯ ಊರಿನಲ್ಲಿ ಒದಗಿತು. ಪೂರ್ವ ಪಾಕಿಸ್ತಾನದಿಂದ ಹರಿದುಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಸಲೈನ್ ತೀರಿಹೋಗುತ್ತ ಬಂದಾಗ, ಡಾಕ್ಟರ್ ದಿಲೀಪ್ ಮಹಲಾನಬಿಸ್ ಅವರು ಉಪ್ಪು, ಗ್ಲೂಕೋಸ್ ಮತ್ತು ಅಡಿಗೆ ಸೋಡಾಗಳನ್ನು ನೀರಿನಲ್ಲಿ ಕರಗಿಸಿ, ಆ ದ್ರಾವಣವನ್ನು ರೋಗಿಗಳ ಬಂಧುಗಳ ಕೈಗೇ ಒಪ್ಪಿಸಿದರು. ತಾಯಿ ಮಗುವಿಗೆ, ಮಗ ತಂದೆಗೆ ಲೋಟಲೋಟವಾಗಿ ಕುಡಿಸಿದರು. ಶೇಕಡ 30ರ ಸಮೀಪದಲ್ಲಿದ್ದ ಮರಣಪ್ರಮಾಣವು ಶೇಕಡ 4ಕ್ಕಿಂತ ಕೆಳಗಿಳಿಯಿತು. ದ್ರಾವಣದ ಹಿರಿಮೆ ಒಂದು ಪಾಲಾದರೆ, ಅಕ್ಷರವರಿಯದ ಬಂಧುವೂ ಸರಿಯಾಗಿ ತಿಳಿಸಿದಲ್ಲಿ ಚಿಕಿತ್ಸೆಯನ್ನು ನಡೆಸಬಲ್ಲನೆಂಬ ವಿಶ್ವಾಸದ ಹಿರಿಮೆ ಮತ್ತೊಂದು ಪಾಲು. ಇಂದಿಗೂ ಇಂಥ ದ್ರಾವಣಕ್ಕೆಂದು ಕೊಡುವ ಓ.ಆರ್.ಎಸ್. ಪೊಟ್ಟಣದೊಂದಿಗೆ ತಪ್ಪದೆ ಹೇಳಬೇಕಾದ ಮಾತುಗಳು ಎರಡೇ: ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಹಾಕುವುದು, 24 ಗಂಟೆ ಕಳೆದ ಮೇಲೆ ಉಳಿದುದನ್ನು ಚೆಲ್ಲುವುದು. ಒಂದು ಲೋಟ ನೀರಿಗೆ ಪೊಟ್ಟಣವನ್ನೆಲ್ಲ ಸುರಿದರೆ ಉಪ್ಪು ಅತಿಯಾಗಿ ಕೂಸಿಗೆ ಹಿತಕ್ಕೆ ಬದಲು ಹಾನಿಯೇ ಉಂಟಾಗುವುದು.

ಉಪದೇಶವಾಗಿದ್ದುದು ಹಕ್ಕಾಗಿ ಪರಿಣಮಿಸಿದುದು ನ್ಯಾಯಾಲಯಗಳ ಮೂಲಕ. ಹಣ ಪಡೆದು ನೀಡುವ ಚಿಕಿತ್ಸೆಯೂ ಗ್ರಾಹಕ ಸಂರಕ್ಷಣೆಯ ಕಾಯಿದೆಗೆ ಒಳಪಡುವುದೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಮಾನಿಸಿತು. 2008ರಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ, ಪರೀಕ್ಷೆಗೆಂದು ಕೊಟ್ಟ ಒಪ್ಪಿಗೆಯು ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯಾಗದೆಂದೂ, ಚಿಕಿತ್ಸೆಯ ಸ್ವರೂಪ, ಅಪಾಯ ಮತ್ತು ಬದಲಿ ಮಾರ್ಗಗಳನ್ನು ಮೊದಲೇ ವಿವರಿಸಬೇಕೆಂದೂ ಅದೇ ನ್ಯಾಯಾಲಯ ವಿಧಿಸಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಮಾಹಿತಿಯ ಹಕ್ಕು ಸ್ಥಾನ ಪಡೆಯಿತು. ಮರುವರ್ಷದಿಂದ ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನವೂ ಆಯಿತು.

ಇದರ ನಡುವೆ ಮುನಿರ್ಕಾದ ಸಂಸ್ಥೆ ಮತ್ತೊಮ್ಮೆ ಮುಂದಕ್ಕೆ ಬಂದಿತು. ರಾಷ್ಟ್ರೀಯ ಆರೋಗ್ಯ ಪೋರ್ಟಲ್ 2014ರ ನವೆಂಬರ್ 14ರಂದು ಆರಂಭವಾದಾಗ ಅದರ ನಿರ್ವಹಣೆ ಈ ಆವರಣದ ಆರೋಗ್ಯ ಮಾಹಿತಿ ಕೇಂದ್ರಕ್ಕೆ ಸೇರಿತ್ತು. ಹಿಂದಿ, ಇಂಗ್ಲಿಷುಗಳ ಜೊತೆಗೆ ತಮಿಳು, ಗುಜರಾತಿ, ಬಂಗಾಳಿ, ಪಂಜಾಬಿಗಳಲ್ಲಿ ವಿಷಯ ಸಂಗ್ರಹವಾಯಿತು. ಆ ಪಂಕ್ತಿಯಲ್ಲಿ ಕನ್ನಡ ಕಾಣಲಿಲ್ಲವೆಂಬುದನ್ನು ನಾನು ದುಃಖದಿಂದಲೇ ಬರೆಯುತ್ತಿದ್ದೇನೆ.

ಇಷ್ಟೆಲ್ಲ ನಡೆದ ಮೇಲೆಯೂ ಮುನಿರ್ಕಾದ ಗಲ್ಲಿಯ ಔಷಧದಂಗಡಿಯಲ್ಲಿ ಸಂಜೆ ಕಾಣುವುದು ಈ ದೃಶ್ಯ: ಹತ್ತು ಮಾತ್ರೆಗಳ ಪಟ್ಟಿಯಿಂದ ನಾಲ್ಕನ್ನು ಕತ್ತರಿಯಿಂದ ಕತ್ತರಿಸಿ, ಹಿಂಬದಿಯಲ್ಲಿ ಪೆನ್ನಿನಿಂದ ಎರಡು ಗೀಟು ಎಳೆದು, ‘ಸುಬಹ್, ಶಾಮ್’ (ಬೆಳಿಗ್ಗೆ, ಸಂಜೆ) ಎಂದು ಹೇಳಿ ಕೈಗಿಡುತ್ತಾರೆ. ಅವಧಿ ಮುಗಿಯುವ ದಿನಾಂಕವೂ ಬ್ಯಾಚ್ ಸಂಖ್ಯೆಯೂ ಮುದ್ರಿತವಾದ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಊರಿನಿಂದ ಹೊಸದಾಗಿ ಬಂದ ಕನ್ನಡದ ವಿದ್ಯಾರ್ಥಿಗೆ ಜ್ವರದ ಮಾತ್ರೆಯಲ್ಲೂ ಶೀತದ ಮಾತ್ರೆಯಲ್ಲೂ ಇರುವುದು ಒಂದೇ ಪ್ಯಾರಾಸಿಟಮಾಲ್ ಎಂದು ಹೇಳುವವರಿಲ್ಲ; ವಯಸ್ಕರಿಗೆ ದಿನಕ್ಕೆ 4 ಗ್ರಾಮ್ ಮೀರಿದರೆ ಯಕೃತ್ತಿಗೆ ಅಪಾಯವೆಂಬ ವಿಷಯ ಆ ಎರಡು ಗೀಟುಗಳಲ್ಲಿ ಅಡಕವಾಗಲಾರದು. ಡೆಂಗೀ ಹರಡುವ ದಿನಗಳಲ್ಲಿ ರಕ್ತಸ್ರಾವಕ್ಕೆ ಆಸ್ಪದ ಕೊಡುವ ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ವೈದ್ಯರ ಸಲಹೆಯಿಲ್ಲದೆ ನುಂಗಬಾರದೆಂಬುದೂ ಹಾಗೆಯೇ. ಔಷಧ ಕೊಟ್ಟವನು ‘ಹೇಗೆ ತೆಗೆದುಕೊಳ್ಳುವಿರಿ, ಒಮ್ಮೆ ನೀವೇ ಹೇಳಿ’ ಎಂದು ಮರಳಿ ಕೇಳುವ ಪದ್ಧತಿ ಇಂದು ಜಗತ್ತಿನಾದ್ಯಂತ ಪ್ರಶಂಸಿತವಾಗಿದೆ; ಅದಕ್ಕೆ ಬೇಕಾದುದು ಅರ್ಧ ನಿಮಿಷ.

ಈಗೀಗ ತಿಳಿವಳಿಕೆಯು ಹಿಮ್ಮುಖವಾಗಿಯೂ ಹರಿಯತೊಡಗಿದೆ. ಔಷಧಗಳ ದುಷ್ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮವು 2010ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಮೊದಲಾಗಿ, 2011ರಲ್ಲಿ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗಕ್ಕೆ ವರ್ಗವಾಯಿತು. ವೈದ್ಯರಷ್ಟೇ ಅಲ್ಲದೆ ರೋಗಿಯೂ ತನ್ನ ಅನುಭವವನ್ನು ತಿಳಿಸಲೆಂದು ಪ್ರತ್ಯೇಕ ನಮೂನೆಯನ್ನು ಅಲ್ಲಿ ರೂಪಿಸಿದರು; ಅದು ಕನ್ನಡದಲ್ಲಿಯೂ ಇದೆ. ಮಾತ್ರೆ ನುಂಗಿದ ಮೇಲೆ ಮೈಯೆಲ್ಲ ದದ್ದು ಎದ್ದಿತೆಂದು ಒಬ್ಬ ಗೃಹಿಣಿ ಅದನ್ನು ತುಂಬಿ ಕಳುಹಿಸಬಹುದು, ಇಲ್ಲವೆ 1800-180-3024 ಸಂಖ್ಯೆಗೆ ಶುಲ್ಕವಿಲ್ಲದೆ ಕರೆ ಮಾಡಬಹುದು. ಔಷಧದ ಹೆಸರಿನೊಡನೆ ಬ್ಯಾಚ್ ಸಂಖ್ಯೆಯನ್ನೂ ಕೊಟ್ಟರೆ ದೋಷವು ಔಷಧದ್ದೋ ಆ ಒಂದು ತಯಾರಿಕೆಯದೋ ಎಂಬುದನ್ನು ಶೋಧಿಸಲು ಅನುಕೂಲ; ಆದುದರಿಂದ ಅಂಗಡಿಯಲ್ಲಿ ಕತ್ತರಿಯಾಡುವ ಮುನ್ನವೇ, ಮುದ್ರೆಯಿರುವ ತುದಿಯ ಮಾತ್ರೆಗಳನ್ನೇ ಕೊಡಿರೆಂದು ಕೇಳಿ ಪಡೆಯುವುದು, ಇಲ್ಲವೆ ಆ ಸಂಖ್ಯೆಯನ್ನೂ ದಿನಾಂಕವನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಯುಕ್ತ.