ಹೇಂಟೆಯ ಕಾವಿನಿಂದ ಕಾವುಪೆಟ್ಟಿಗೆಯವರೆಗೆ

ಕಾವಿಗೆ ಕೂತ ಹೇಂಟೆಯನ್ನು ನೀವು ನೋಡಿರಬಹುದು. ಮೂಲೆಯಲ್ಲೊಂದು ಬುಟ್ಟಿ, ಅದರಲ್ಲಿಷ್ಟು ಹುಲ್ಲು, ಹತ್ತು ಹನ್ನೆರಡು ಮೊಟ್ಟೆ. ಕೈ ಚಾಚಿದರೆ ಗರಿ ಕೆದರಿ ಕುಕ್ಕಲು ಬರುತ್ತದೆ. ದಿನಕ್ಕೊಮ್ಮೆ ಎದ್ದು, ಅವಸರದಲ್ಲಿ ನಾಲ್ಕು ಕಾಳು ತಿಂದು, ನೀರು ಕುಡಿದು ಮತ್ತೆ ಬಂದು ಕೂರುತ್ತದೆ. ಇಪ್ಪತ್ತೊಂದನೆಯ ದಿನ ಬುಟ್ಟಿಯಿಂದ ಮರಿಗಳ ಚಿಲಿಪಿಲಿ ಕೇಳಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಇದರಲ್ಲಿ ವಿಚಾರ ಮಾಡುವಂಥದ್ದು ಏನಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಆದರೆ ಈ ಕೆಲಸವನ್ನು ಹೇಂಟೆಯಷ್ಟು ಅಚ್ಚುಕಟ್ಟಾಗಿ ಮಾಡಬಲ್ಲ ಯಂತ್ರವೊಂದನ್ನು ಕಟ್ಟಲು ಮನುಷ್ಯನಿಗೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಉಷ್ಣತೆಯನ್ನು ಅಳೆಯುವುದು ಮತ್ತು ನಿಯಂತ್ರಿಸುವುದು ಹೇಗೆಂದು ನಾವು ಕಲಿತ ಚರಿತ್ರೆಯೂ ಅದರೊಳಗೇ ಅಡಗಿದೆ.

ಹೇಂಟೆ ಮಾಡುವ ಕೆಲಸವೇನು?

ಕೋಳಿಯ ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಕಾವಿನ ಕಾಲದಲ್ಲಿ ಅದರ ಹೊಟ್ಟೆಯ ಅಡಿಭಾಗದ ಗರಿಗಳು ಉದುರಿ, ರಕ್ತನಾಳಗಳು ಹಿಗ್ಗಿ, ಬರಿ ಚರ್ಮವು ಮೊಟ್ಟೆಗೆ ನೇರವಾಗಿ ತಾಗುತ್ತದೆ. ಭ್ರೂಣ ಚೆನ್ನಾಗಿ ಬೆಳೆಯಲು ಬೇಕಾದದ್ದು ಸುಮಾರು 37.5 ಡಿಗ್ರಿ. ಒಂದೆರಡು ಡಿಗ್ರಿ ಹೆಚ್ಚಾಗಿ ಬಹಳ ಹೊತ್ತು ಹಾಗೆಯೇ ಇದ್ದರೆ ಭ್ರೂಣ ಸಾಯುತ್ತದೆ. ಸ್ವಲ್ಪ ಹೊತ್ತು ತಣ್ಣಗಾದರೆ ಮಾತ್ರ ಸಹಿಸಿಕೊಳ್ಳುತ್ತದೆ. ಹೇಂಟೆ ದಿನಕ್ಕೊಮ್ಮೆ ಎದ್ದು ಹೋದರೂ ಮೊಟ್ಟೆ ಕೆಡದಿರುವುದು ಇದರಿಂದಲೇ.

ಬಿಸಿಯೊಂದೇ ಸಾಲದು. ಹೇಂಟೆ ದಿನಕ್ಕೆ ಹಲವು ಬಾರಿ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತದೆ. ಹೀಗೆ ಮಾಡದಿದ್ದರೆ ಭ್ರೂಣವು ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುವ ಅಪಾಯವಿದೆ. ಅಂಚಿನ ಮೊಟ್ಟೆ ನಡುವಿಗೂ ನಡುವಿನದು ಅಂಚಿಗೂ ಬರುವುದರಿಂದ ಎಲ್ಲಕ್ಕೂ ಸಮನಾಗಿ ಶಾಖ ಸಿಗುತ್ತದೆ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಅವುಗಳ ಮೂಲಕ ಆಕ್ಸಿಜನ್ ಒಳಕ್ಕೆ, ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಹೊರಕ್ಕೆ ಹೋಗುತ್ತವೆ. ಹದಿನೆಂಟು ದಿನಗಳಲ್ಲಿ ಮೊಟ್ಟೆ ತನ್ನ ತೂಕದ ಶೇಕಡ 12ರಿಂದ 14ರಷ್ಟನ್ನು ಹೀಗೆ ಕಳೆದುಕೊಳ್ಳಬೇಕು. ಗಾಳಿ ತೀರ ಒಣಗಿದ್ದರೂ ಕಷ್ಟ, ತೀರ ತೇವವಿದ್ದರೂ ಕಷ್ಟ.

ಈಜಿಪ್ಟಿನ ಒಲೆಮನೆಗಳು

ಕೋಳಿಯಿಲ್ಲದೆ ಮರಿ ಮಾಡಿಸುವ ವಿದ್ಯೆ ಈಜಿಪ್ಟಿನಲ್ಲಿ ಬಹಳ ಹಿಂದೆಯೇ ಇತ್ತು. ಅಲ್ಲಿ ಮೊಟ್ಟೆಗಳನ್ನು ಗೊಬ್ಬರದ ಬಿಸಿಯಲ್ಲಿ ಹೂತಿಟ್ಟು ಮರಿ ಮಾಡುತ್ತಾರೆಂದು ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಅರಿಸ್ಟಾಟಲ್ ಬರೆದಿದ್ದಾನೆ. ಭ್ರೂಣದ ಬೆಳವಣಿಗೆಯನ್ನೂ ಅವನು ವರ್ಣಿಸಿದ್ದಾನೆ. ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ಬಿಳಿಯ ಭಾಗದಲ್ಲಿ ರಕ್ತದ ಚುಕ್ಕೆಯಂತೆ ಮಿಡಿಯುವ ಹೃದಯ ಕಾಣಿಸುತ್ತದೆ ಎಂಬ ಅವನ ವಿವರಣೆ ಪ್ರಸಿದ್ಧವಾದದ್ದು.

ಮುಂದೆ ಈಜಿಪ್ಟಿನವರು ಹಸಿ ಇಟ್ಟಿಗೆಯ ದೊಡ್ಡ ಒಲೆಮನೆಗಳನ್ನೇ ಕಟ್ಟಿದರು. ನಡುವೆ ಓಣಿ, ಎರಡು ಬದಿಗೂ ಎರಡೆರಡು ಅಂತಸ್ತಿನ ಕೋಣೆಗಳು. ಕೆಳಗಿನ ಅಂತಸ್ತಿನಲ್ಲಿ ಸಾವಿರಾರು ಮೊಟ್ಟೆಗಳು, ಮೇಲಿನದರಲ್ಲಿ ಸಗಣಿ ಹಾಗೂ ಹೊಟ್ಟಿನ ನಿಧಾನ ಬೆಂಕಿ. ಅವರ ಬಳಿ ಉಷ್ಣತಾಮಾಪಕ ಇರಲಿಲ್ಲ. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿ ಹಿಡಿದು ಬಿಸಿಯನ್ನು ಅಂದಾಜು ಮಾಡುತ್ತಿದ್ದರು. ತೆಳುವಾದ ರೆಪ್ಪೆಗೆ ಸಣ್ಣ ವ್ಯತ್ಯಾಸವೂ ತಿಳಿಯುತ್ತದೆ. ಆದರೆ ಈ ವಿದ್ಯೆ ಕೆಲವೇ ಮನೆತನಗಳ ಸೊತ್ತಾಗಿತ್ತು. ಅಂಕಿಯಲ್ಲಿ ಹೇಳಲಾಗದ ಅನುಭವವನ್ನು ಮತ್ತೊಬ್ಬರಿಗೆ ಕಲಿಸುವುದು ಸುಲಭವಲ್ಲ.

ಅಳತೆ ಬಂತು, ನಿಯಂತ್ರಣ ಬಂತು

ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್ ಈ ತೊಡಕನ್ನು ಬಿಡಿಸಲು ಹೊರಟ. 1730ರಲ್ಲಿ ಉಷ್ಣತಾಮಾಪಕದ ಮಾನವೊಂದನ್ನು ರೂಪಿಸಿದವನು ಈತನೇ. ಕೃತಕ ಕಾವಿನ ಬಗ್ಗೆ 1749ರಲ್ಲಿ ಈತನ ಗ್ರಂಥ ಪ್ರಕಟವಾಯಿತು. ಕುದುರೆ ಲದ್ದಿಯ ರಾಶಿಯಲ್ಲಿ ಪೀಪಾಯಿಗಳನ್ನು ಹೂತು, ಅವುಗಳೊಳಗೆ ಮೊಟ್ಟೆಗಳನ್ನಿಟ್ಟು ಪ್ರಯೋಗ ಮಾಡಿದ. ಉಷ್ಣತಾಮಾಪಕ ಕೊಳ್ಳಲಾಗದ ರೈತರಿಗಾಗಿ ಇನ್ನೊಂದು ಉಪಾಯವಿತ್ತು. ಬೆಣ್ಣೆಗೆ ಅದರ ಅರ್ಧದಷ್ಟು ಪ್ರಾಣಿಕೊಬ್ಬನ್ನು ಬೆರೆಸಿ ಸಣ್ಣ ಸೀಸೆಯಲ್ಲಿ ಮೊಟ್ಟೆಗಳ ಜೊತೆ ಇಡುವುದು. ಮಿಶ್ರಣ ಕರಗುವ ರೀತಿಯೇ ಬಿಸಿಯ ಸೂಚಕ! ಕರಗುವ ಬಿಂದುವಿನ ಪಾಠ ಮಾಡುವ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಅಳೆಯುವುದು ಒಂದು, ತಾನಾಗಿಯೇ ಸರಿಹೋಗುವಂತೆ ಮಾಡುವುದು ಇನ್ನೊಂದು. ಎರಡನೆಯದನ್ನು ರೆಯೋಮ್ಯೂರ್‌ಗಿಂತ ನೂರು ವರ್ಷಗಳ ಹಿಂದೆಯೇ ಡಚ್ ಕುಶಲಿ ಕಾರ್ನೆಲಿಸ್ ಡ್ರೆಬೆಲ್ (1572–1633) ಸಾಧಿಸಿದ್ದ. ಅವನ ಕಾವುಪೆಟ್ಟಿಗೆಯಲ್ಲಿ ಮದ್ಯಸಾರ ತುಂಬಿದ ಕೊಳವೆಯಿತ್ತು. ಬಿಸಿ ಹೆಚ್ಚಾದಾಗ ಮದ್ಯಸಾರ ಹಿಗ್ಗಿ ಪಾದರಸವನ್ನು ತಳ್ಳುತ್ತಿತ್ತು. ಪಾದರಸ ಒಂದು ಸರಳನ್ನು ಎತ್ತುತ್ತಿತ್ತು. ಆ ಸರಳು ಹೊಗೆಕಿಂಡಿಯ ಮುಚ್ಚಳವನ್ನು ಮುಚ್ಚಿ ಬೆಂಕಿಯನ್ನು ಕುಗ್ಗಿಸುತ್ತಿತ್ತು. ಪರಿಣಾಮವೇ ಕಾರಣವನ್ನು ತಿದ್ದುವ ಈ ಏರ್ಪಾಡನ್ನು ನಾವಿಂದು ಫೀಡ್‌ಬ್ಯಾಕ್ ಎನ್ನುತ್ತೇವೆ. ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ಮತ್ತು ಫ್ರಿಜ್ ನಡೆಯುವುದು ಇದೇ ತತ್ತ್ವದ ಮೇಲೆ.

1881ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಹಿಯರ್ಸನ್ ಇದನ್ನು ಇನ್ನಷ್ಟು ಸರಳಗೊಳಿಸಿದ. ಎರಡು ತೆಳು ಲೋಹದ ಹಾಳೆಗಳನ್ನು ಅಂಚಿನಲ್ಲಿ ಬೆಸೆದು, ನಡುವೆ ಕೆಲವು ಹನಿ ದ್ರವವನ್ನಿಟ್ಟ. ಬೇಕಾದ ಉಷ್ಣತೆ ತಲಪಿದೊಡನೆ ದ್ರವ ಕುದಿದು ಆವಿಯಾಗಿ ಹಾಳೆಗಳು ಉಬ್ಬುತ್ತವೆ. ಆ ಉಬ್ಬು ಸನ್ನೆಯೊಂದನ್ನು ಎತ್ತಿ ದೀಪದ ಬಿಸಿಗಾಳಿಯನ್ನು ಹೊರಕ್ಕೆ ಬಿಡುತ್ತದೆ. ದ್ರವ ಹಿಗ್ಗುವುದಕ್ಕಿಂತ ಆವಿಯಾಗುವಾಗಿನ ಹಿಗ್ಗುವಿಕೆ ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದಲೇ ಈ ಪುಟ್ಟ ಬಿಲ್ಲೆ ಅಷ್ಟು ಚುರುಕು.

1918ರಲ್ಲಿ ಅಮೆರಿಕದ ಸ್ಮಿತ್ ಎಂಬಾತ ಪಡೆದ ಪೇಟೆಂಟಿನಲ್ಲಿ ಇನ್ನೊಂದು ಜಾಣ್ಮೆಯಿದೆ. ಕಾವಿನ ಕೊನೆಯ ದಿನಗಳಲ್ಲಿ ಭ್ರೂಣವೇ ಶಾಖವನ್ನು ಹೊರಬಿಡುತ್ತದೆ. ಬೇರೆ ಬೇರೆ ವಯಸ್ಸಿನ ಮೊಟ್ಟೆಗಳನ್ನು ಒಂದೇ ಕೋಣೆಯಲ್ಲಿಟ್ಟು ಗಾಳಿಯನ್ನು ಬಲವಂತವಾಗಿ ಹರಿಸಿದರೆ, ಹಳೆಯ ಮೊಟ್ಟೆಗಳ ಹೆಚ್ಚುವರಿ ಬಿಸಿ ಹೊಸ ಮೊಟ್ಟೆಗಳಿಗೆ ಸಿಗುತ್ತದೆ. ದೊಡ್ಡ ಹ್ಯಾಚರಿಗಳು ಬೆಳೆದದ್ದು ಈ ದಾರಿಯಲ್ಲಿ.

ಮರಿಯಿಂದ ಶಿಶುವಿಗೆ

ಈ ಚರಿತ್ರೆಯ ಒಂದು ಕವಲು ಕೋಳಿಗೂಡಿನಿಂದ ಆಸ್ಪತ್ರೆಗೆ ಹೋಗುತ್ತದೆ. ಪ್ಯಾರಿಸ್ಸಿನ ಪ್ರಸೂತಿ ವೈದ್ಯ ಸ್ಟೆಫಾನ್ ತಾರ್ನಿಯೇ ಅಲ್ಲಿನ ಪ್ರಾಣಿ ಉದ್ಯಾನದಲ್ಲಿ ಕೋಳಿಮರಿಗಳ ಕಾವುಪೆಟ್ಟಿಗೆಯನ್ನು ಕಂಡ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳು ಚಳಿಗೆ ಸಾಯುತ್ತಿದ್ದ ಕಾಲ ಅದು. ಅದನ್ನು ತಯಾರಿಸಿದ ಓದಿಲ್ ಮಾರ್ತೆನ್ ಎಂಬಾತನಿಂದಲೇ ಶಿಶುಗಳಿಗಾಗಿ ಪೆಟ್ಟಿಗೆ ಮಾಡಿಸಿ, 1880ರ ಸುಮಾರಿಗೆ ತನ್ನ ಆಸ್ಪತ್ರೆಯಲ್ಲಿ ಇರಿಸಿದ. 2000 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳಲ್ಲಿ ಮರಣ ಪ್ರಮಾಣ ಶೇಕಡ 66ರಿಂದ 38ಕ್ಕೆ ಇಳಿಯಿತೆಂದು 1883ರಲ್ಲಿ ವರದಿಯಾಯಿತು. ಇಂದು ನವಜಾತ ಶಿಶುಗಳ ವಾರ್ಡಿನಲ್ಲಿ ಕಾಣುವ ಪಾರದರ್ಶಕ ಪೆಟ್ಟಿಗೆಯ ಹಿರಿಯಜ್ಜ ಕೋಳಿಮೊಟ್ಟೆಯ ಪೆಟ್ಟಿಗೆಯೇ.

ಕಾವು ಮರೆತ ಕೋಳಿ

ಯಂತ್ರ ಬಂದ ಮೇಲೆ ಹೇಂಟೆಯ ಗತಿ ಏನಾಯಿತು? ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಮೊಟ್ಟೆ ಮಾರುವವನಿಗೆ ಅದು ನಷ್ಟ. ಆದ್ದರಿಂದ ತಲೆಮಾರುಗಳ ಆಯ್ಕೆಯಿಂದ ಈ ಗುಣವನ್ನೇ ಕಳೆಯಲಾಯಿತು. ಬಿಳಿ ಲೆಗ್‌ಹಾರ್ನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಈ ಗುಣದ ಹಿಂದಿರುವುದು ಪಿಟ್ಯುಟರಿ ಗ್ರಂಥಿಯ ಪ್ರೊಲ್ಯಾಕ್ಟಿನ್ ಹಾರ್ಮೋನು. ಅದನ್ನು ಚುಚ್ಚಿ ಕೋಳಿಗಳಲ್ಲಿ ಕಾವಿನ ವರ್ತನೆ ತರಬಹುದೆಂದು 1935ರಲ್ಲಿ ಆಸ್ಕರ್ ರಿಡಲ್ ಮತ್ತು ಸಂಗಡಿಗರು ತೋರಿಸಿದರು. ಗೂಡು ಮತ್ತು ಮೊಟ್ಟೆಗಳ ಸ್ಪರ್ಶ ಈ ಹಾರ್ಮೋನಿನ ಮಟ್ಟವನ್ನು ಉಳಿಸುತ್ತದೆ. ಕಾವು ಬಿಡಿಸಲು ಕೋಳಿಯನ್ನು ಗೂಡಿನಿಂದ ದೂರವಿಡುವ ಹಳೆಯ ಪದ್ಧತಿಗೆ ಕಾರಣ ಇಲ್ಲಿದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಿತ್ತಿಲ ಸಾಕಣೆಗೆಂದೇ ರೂಪಿಸಿದ ಗಿರಿರಾಜ ಕೋಳಿ ಬೇಗ ತೂಕ ಬರುತ್ತದೆ, ಹೆಚ್ಚು ಮೊಟ್ಟೆ ಕೊಡುತ್ತದೆ. ಆದರೆ ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಯಿಂದ ಮರಿ ಬೇಕೆಂದರೆ ನಾಟಿ ಹೇಂಟೆಯ ಅಡಿಯಲ್ಲಿಡಬೇಕು, ಇಲ್ಲವೇ ವಿದ್ಯುತ್ ಬೇಕು. ಮರಿಗಳಾದ ಮೇಲೂ ಚಿಂತೆ ಮುಗಿಯದು. ಮೊದಲ ವಾರ ಅವಕ್ಕೆ 32ರಿಂದ 35 ಡಿಗ್ರಿ ಬಿಸಿ ಬೇಕು, ಅನಂತರ ವಾರವಾರವೂ ಸುಮಾರು 3 ಡಿಗ್ರಿ ಇಳಿಸಬೇಕು. ಬಲ್ಬಿನ ಅಡಿ ಮರಿಗಳು ಒತ್ತೊತ್ತಾಗಿ ಮುದುರಿದರೆ ಚಳಿಯೆಂದೂ, ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆಯೆಂದೂ ತಿಳಿಯಬೇಕು. ತಾಯಿಯ ರೆಕ್ಕೆಯಡಿಯಿದ್ದರೆ ಮರಿಗಳೇ ಬೇಕೆಂದಾಗ ಒಳಹೊಕ್ಕು, ಬೇಡವೆಂದಾಗ ಹೊರಬರುತ್ತವೆ. ಕರೆಂಟು ಹೋಯಿತೆಂಬ ಭಯವಿಲ್ಲ.

ಹ್ಯಾಚರಿಯನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಅಗ್ಗದ ಮೊಟ್ಟೆ ಬಡವರ ತಟ್ಟೆಗೆ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ನಾಲ್ಕೈದು ಕೋಳಿ ಸಾಕಿ ಸಂತೆಯ ಖರ್ಚು ತೂಗಿಸುವ ಹೆಣ್ಣುಮಗಳಿಗೆ, ಮರಿಯನ್ನು ಪ್ರತಿ ಸಲ ಕೊಳ್ಳಬೇಕೋ ಮನೆಯಲ್ಲೇ ಪಡೆಯಬೇಕೋ ಎಂಬುದು ಸಣ್ಣ ಪ್ರಶ್ನೆಯಲ್ಲ. ಕಾವಿನ ಗುಣವುಳ್ಳ ನಾಟಿ ತಳಿಗಳು ಒಮ್ಮೆ ಅಳಿದರೆ ಅವನ್ನು ಮರಳಿ ಪಡೆಯುವುದು ಕಷ್ಟ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಹೇಂಟೆ ಕಾವಿಗೆ ಕೂತಿದ್ದರೆ ಒಂದು ಪ್ರಯೋಗ ಮಾಡಿ. ಎರಡು ಮೊಟ್ಟೆಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿ. ಹೇಂಟೆ ಮೇವಿಗೆ ಎದ್ದಾಗ ಎರಡು ಮೂರು ದಿನಕ್ಕೊಮ್ಮೆ, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಬೇಗನೆ ತೂಗಿ ಹಿಂದಿಡಿ. 50 ಗ್ರಾಂ ಮೊಟ್ಟೆ ದಿನಕ್ಕೆ ಸುಮಾರು 0.35 ಗ್ರಾಂ ಕಳೆದುಕೊಳ್ಳಬೇಕು. ಹದಿನೆಂಟನೆಯ ದಿನಕ್ಕೆ ನಿಲ್ಲಿಸಿ, ಅಲ್ಲಿಂದ ಮುಂದೆ ಮೊಟ್ಟೆ ಮುಟ್ಟಬೇಡಿ. ದಿನ ಮತ್ತು ತೂಕದ ನಕ್ಷೆ ಬರೆದು ನೋಡಿ. ರೇಖೆ ನೇರವಾಗಿ ಬಂದಿತೇ? ಮಳೆಯ ದಿನಗಳಲ್ಲಿ ಅದರ ಇಳಿಜಾರು ಬದಲಾಯಿತೇ? ಉತ್ತರವನ್ನು ನಿಮ್ಮ ಶಿಕ್ಷಕರೊಡನೆ ಚರ್ಚಿಸಿ.