ಸಭೆಯ ನಡುವೆ ಹಾಡುವವನು

ಭವಾನಿ ಹೊಳೆಯ ದಂಡೆಯ ಸತ್ಯಮಂಗಲ ಇಂದು ಈರೋಡು ಜಿಲ್ಲೆಯ ಊರು. ಬ್ರಿಟಿಷರ ಆಳ್ವಿಕೆಯಲ್ಲಿ ಅದು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದಕ್ಕೂ ಬಹು ಹಿಂದೆ, 1648ರ ಸುಮಾರಿಗೆ, ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಮೈಸೂರು ಮಿಷನ್ನನ್ನು ಕಟ್ಟತೊಡಗಿದ. ಸತ್ಯಮಂಗಲ ಆ ಮಿಷನ್ನಿನ ಮುಖ್ಯ ನೆಲೆಗಳಲ್ಲಿ ಒಂದಾಯಿತು. ಸಂನ್ಯಾಸಿಯ ಉಡುಗೆ ಉಟ್ಟು ಊರೂರು ತಿರುಗಿದ ಆತ ಕನ್ನಡ ಕಲಿತು, ವ್ಯಾಕರಣವನ್ನೂ ಧರ್ಮೋಪದೇಶವನ್ನೂ ಬರೆದ. ವಿಶ್ವಾಸಿಗಳ ಬಾಯಿಗೆ ಕನ್ನಡದ ಜಪ ಬಂತು. ದಾವೀದನ ಕೀರ್ತನೆಗಳು ಮಾತ್ರ ಪೂಜಾವಿಧಿಯ ಲತೀನ್ ಭಾಷೆಯಲ್ಲೇ ಉಳಿದವು.

ಅವಿನಾಶಿಯಿಂದ ಕೊಯಮತ್ತೂರಿಗೆ ಹೋಗುವ ದಾರಿಯ ಕರುಮತ್ತಂಪಟ್ಟಿಯಲ್ಲೂ ಸಂಗತಿ ಹಾಗೆಯೇ. ಜಪಮಾಲೆಯ ಮಾತೆಯ ಹೆಸರಿನ ಆ ದೇವಾಲಯದ ಪಾದ್ರಿಗಳು ಅಂದಿನ ರೋಮನ್ ಕ್ರಮದಂತೆ ನೂರೈವತ್ತು ಕೀರ್ತನೆಗಳನ್ನು ವಾರಕ್ಕೊಮ್ಮೆ ಪಠಿಸಬೇಕಿತ್ತು. ಪವಿತ್ರ ಗುರುವಾರ ಬಲಿಪೀಠದ ವಸ್ತ್ರಗಳನ್ನು ಒಂದೊಂದಾಗಿ ತೆಗೆಯುವಾಗ ಇಪ್ಪತ್ತೆರಡನೆಯ ಕೀರ್ತನೆಯನ್ನು ಹೇಳುವುದು ವಾಡಿಕೆಯಾಗಿತ್ತು. ಲತೀನ್ ಎಣಿಕೆಯಲ್ಲಿ ಅದು ಇಪ್ಪತ್ತೊಂದನೆಯದು. ಬಟ್ಟೆಗಾಗಿ ಚೀಟು ಹಾಕುವವರ ನಡುವೆ ನರಳುವ ಒಬ್ಬ ನೀತಿವಂತನ ಮೊರೆ ಆ ಕೀರ್ತನೆಯಲ್ಲಿದೆ. ಶಿಲುಬೆಯ ಮೇಲೆ ಯೇಸು ಉಚ್ಚರಿಸಿದ್ದು ಅದರ ಮೊದಲ ನುಡಿಯನ್ನೇ. ಲತೀನ್ ಅರಿಯದ ರೈತನಿಗೂ ನೇಕಾರನಿಗೂ ಬರಿದಾಗುತ್ತಿದ್ದ ಆ ಪೀಠವೇ ಅರ್ಥ ಹೇಳಬೇಕಿತ್ತು. ಅದು ಸಣ್ಣ ಉಪದೇಶವೇನಲ್ಲ ಎಂದೇ ನನ್ನ ನಂಬಿಕೆ.

ಆದರೆ ಆ ಕೀರ್ತನೆಗೆ ಇನ್ನೊಂದು ಅರ್ಧವಿದೆ. ನರಳಿದವನೇ ಎದ್ದು, ಸಹೋದರರನ್ನು ಕೂಡಿಸಿ, ಸಭೆಯ ಮಧ್ಯದಲ್ಲಿ ದೇವರನ್ನು ಹೊಗಳುತ್ತಾನೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯ ಆ ಮಾತನ್ನು ಕ್ರಿಸ್ತನ ಬಾಯಿಗೇ ಕೊಡುತ್ತದೆ. ಸಭೆ ಕ್ರಿಸ್ತನನ್ನು ಕುರಿತು ಹಾಡುವುದಷ್ಟೇ ಅಲ್ಲ, ಕ್ರಿಸ್ತನೇ ತನ್ನವರ ನಡುವೆ ನಿಂತು ಹಾಡುತ್ತಾನೆ. ಈ ಅರ್ಧ ಜನರ ಎದೆಗಿಳಿಯಲು ಜನರ ನುಡಿಯೇ ಬೇಕಿತ್ತು.

1799ರಲ್ಲಿ ಕೊಯಮತ್ತೂರು ಸೀಮೆ ಟಿಪ್ಪುವಿನ ಕೈಯಿಂದ ಇಂಗ್ಲಿಷರಿಗೆ ಹೋಯಿತು. ಮುಂದೆ ಬೈಬಲ್ಲಿನ ಭಾಷಾಂತರದ ಬಗ್ಗೆಯೇ ದೊಡ್ಡ ವಾದ ಎದ್ದಿತು. ಮೈಸೂರು ಸೀಮೆಯಲ್ಲಿ ಬಹುಕಾಲ ದುಡಿದ ಅಬ್ಬೆ ದುಬೊವಾ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ದೇಶಭಾಷೆಗಳ ಬೈಬಲ್ಲಿನಿಂದ ಫಲವಿಲ್ಲವೆಂದ. ಮರುವರ್ಷವೇ ಜೇಮ್ಸ್ ಹಫ್ ಎಂಬ ಇಂಗ್ಲಿಷ್ ಪಾದ್ರಿ ಅದಕ್ಕೆ ಉತ್ತರ ಬರೆದ. ನೀಲಗಿರಿಯ ಹವೆ, ಜನಜೀವನ ಕುರಿತು ಮುಂದೆ ಪತ್ರಗಳನ್ನು ಪ್ರಕಟಿಸಿದವನೂ ಈತನೇ. ವಾದ ನಡೆದಿದ್ದಾಗಲೇ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಅನುವಾದದ ಕೆಲಸ ಸಾಗಿತ್ತು. 1831ರ ಹೊತ್ತಿಗೆ ಇಡೀ ಬೈಬಲ್, ಕೀರ್ತನೆಗಳೂ ಸೇರಿ, ಕನ್ನಡಕ್ಕೆ ಬಂತು. ದುಬೊವಾನ ಅನುಭವಕ್ಕೆ ಗೌರವ ಸಲ್ಲಲಿ, ಗೆದ್ದದ್ದು ಬಳ್ಳಾರಿಯ ತಾಳ್ಮೆ.

1846 ಈ ಸೀಮೆಯಲ್ಲಿ ಎರಡು ಕಾರ್ಯಗಳನ್ನು ಕಂಡಿತು. ಅಕ್ಟೋಬರ್ 4ರಂದು ಕರುಮತ್ತಂಪಟ್ಟಿಯಲ್ಲಿ ಮೆಲ್ಕಿಯೋರ್ ದ ಮಾರಿಯೋಂ ಬ್ರೆಸಿಲಾಕ್ ಅವರಿಗೆ ಬಿಷಪ್ ಪದವಿಯ ಅಭಿಷೇಕವಾಯಿತು. ಈ ನೆಲದ ಸಭೆಗೆ ಈ ನೆಲದವರೇ ಪಾದ್ರಿಗಳಾಗಬೇಕೆಂದು ಹಟ ಹಿಡಿದವರು ಅವರು. ಅದೇ ವರ್ಷ, ಆಗ ಕೊಯಮತ್ತೂರು ಜಿಲ್ಲೆಗೇ ಸೇರಿದ್ದ ನೀಲಗಿರಿಯ ಕೇತಿಯಲ್ಲಿ, ಬಾಸೆಲ್ ಮಿಷನ್ ಕಾಲೂರಿತು. ನಿವೃತ್ತ ನ್ಯಾಯಾಧೀಶ ಕಸಾಮೇಜರ್ ಅಲ್ಲಿ ಬೆಟ್ಟದ ಬಡಗ ಸಮುದಾಯದ ಮಕ್ಕಳಿಗೆ ಶಾಲೆ ತೆರೆದಿದ್ದರು. 1849ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಮಿಷನ್ನಿಗೆ ಬಿಟ್ಟರು. ಕನ್ನಡ ಬಲ್ಲ ಮಿಷನರಿಗಳಾದ ವೈಗ್ಲೆ, ಬ್ಯೂಲರ್, ಮೆಟ್ಜ್ ಹಟ್ಟಿಯಿಂದ ಹಟ್ಟಿಗೆ ನಡೆದರು. ಬಡಗ ನುಡಿ ಕನ್ನಡದ ಒಡಹುಟ್ಟು. ಆದ್ದರಿಂದ ಕನ್ನಡದ ಪುಸ್ತಕವೇ ಅಲ್ಲಿ ಸಾಕಷ್ಟು ದಾರಿ ಮಾಡಿಕೊಟ್ಟಿತು.

ಬಡಗರಲ್ಲಿ ಮೊದಲ ದೀಕ್ಷಾಸ್ನಾನವಾದದ್ದು 1858ರಲ್ಲಿ. ಹನ್ನೆರಡು ವರ್ಷಗಳ ನಡಿಗೆಗೆ ಅದು ಚಿಕ್ಕ ಫಲವೆಂದು ಕಾಣಬಹುದು. ಆದರೆ ಹಟ್ಟಿಯಲ್ಲಿ ಕೊಳ್ಕೊಡುಗೆ, ಮದುವೆ, ಮಣ್ಣು ಎಲ್ಲವೂ ಕುಲದವರ ಕೈಯಲ್ಲಿದ್ದ ಕಾಲವದು. ಕುಲ ಬಿಟ್ಟವನಿಗೆ ಬಹಿಷ್ಕಾರದ ಬಿಸಿ ತಟ್ಟದೆ ಇರುತ್ತಿರಲಿಲ್ಲ. ಅಂಥವನಿಗೆ ಸಭೆಯೆಂದರೆ ಭಾನುವಾರದ ಒಂದು ಗಳಿಗೆಯಲ್ಲ. ಕಾಯಿಲೆಯಲ್ಲಿ ಗಂಜಿ ಕೊಡುವವರು, ಸತ್ತಾಗ ಹೆಗಲು ಕೊಡುವವರು ಅಲ್ಲಿಂದಲೇ ಬರಬೇಕಿತ್ತು. ಜನರಿಂದ ತಿರಸ್ಕೃತನಾದವನು ಸಹೋದರರ ನಡುವೆ ಹಾಡುವ ಕೀರ್ತನೆ ಇಂಥವರ ಬಾಳಿಗೇ ಬರೆದಂತಿದೆ.

1868ರಲ್ಲಿ ನೀಲಗಿರಿ ಕೊಯಮತ್ತೂರಿನಿಂದ ಬೇರೆಯಾಯಿತು. 1890ರಲ್ಲಿ ಬಡಗ ನುಡಿಯಲ್ಲಿ ಲೂಕನ ಸುವಾರ್ತೆ ಅಚ್ಚಾಯಿತು. ಎದ್ದು ಬಂದ ಯೇಸು ಶಿಷ್ಯರ ಮುಂದೆ ನಿಂತು, ಮೋಶೆಯ ಧರ್ಮಶಾಸ್ತ್ರದಲ್ಲೂ ಪ್ರವಾದಿಗಳಲ್ಲೂ ಕೀರ್ತನೆಗಳಲ್ಲೂ ತನ್ನ ವಿಷಯವಾಗಿಯೇ ಬರೆದಿದೆ ಎಂದು ತಿಳಿಸುವುದು ಆ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ. ನಾಲ್ಕು ಸುವಾರ್ತೆಗಳಲ್ಲಿ ಕೀರ್ತನೆಗಳನ್ನು ಹೆಸರಿಸಿ ಹೀಗೆ ಹೇಳಿದ್ದು ಲೂಕನಲ್ಲಿ ಮಾತ್ರ.