ಬೆಳೆಯೂ ಕಾಯದು, ಬಸಿರೂ ಕಾಯದು

ನಾಟಿಯ ನಡುವೆ ಹೆರಿಗೆಯಾಗಿ, ತಿಂಗಳೊಳಗೆ ಮತ್ತೆ ಗದ್ದೆಗಿಳಿದ ಹೆಂಗಸರ ಕತೆಯನ್ನು ನನ್ನ ಅಜ್ಜಿ ಹೇಳುತ್ತಿದ್ದರು. ಅಮೆರಿಕದ ಕಾರ್ಮಿಕ ಕಾನೂನುಗಳ ಚರಿತ್ರೆ ಓದುವಾಗ ಅದೇ ನೆನಪಾಯಿತು.

ಅಲ್ಲಿನ 1935ರ ಸಾಮಾಜಿಕ ಭದ್ರತಾ ಕಾಯ್ದೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ದಕ್ಷಿಣದ ರಾಜ್ಯಗಳಲ್ಲಿ ಈ ಕೆಲಸಗಳಲ್ಲಿದ್ದವರಲ್ಲಿ ಕಪ್ಪು ಜನರ ಪಾಲು ದೊಡ್ಡದಿತ್ತು. 1938ರ ಕನಿಷ್ಠ ಕೂಲಿಯ ಕಾಯ್ದೆಯಲ್ಲೂ ಹೊಲದವರಿಗೆ ಜಾಗ ಸಿಗಲಿಲ್ಲ. 1993ರ ಕೌಟುಂಬಿಕ ರಜೆಯ ಕಾಯ್ದೆ ಕೃಷಿಯನ್ನು ಹೆಸರಿಸಿ ಹೊರಗಿಡಲಿಲ್ಲ. ಆದರೆ ಅದು ಕೊಟ್ಟದ್ದು ಸಂಬಳವಿಲ್ಲದ 12 ವಾರ. ಅದಕ್ಕೂ ಮಾಲೀಕನ ಬಳಿ 50 ಕೆಲಸಗಾರರಿರಬೇಕು, ಹಿಂದಿನ ವರ್ಷ 1,250 ಗಂಟೆ ದುಡಿದಿರಬೇಕು. ಸುಗ್ಗಿಯಿಂದ ಸುಗ್ಗಿಗೆ ಊರು ಬದಲಿಸುವವರಿಗೆ ಇದು ಎಟುಕುವುದು ಕಷ್ಟ.

ನ್ಯೂಯಾರ್ಕ್ ರಾಜ್ಯದಲ್ಲಿ ಸಂಬಳಸಹಿತ ಕೌಟುಂಬಿಕ ರಜೆ 2018ರಲ್ಲಿ ಶುರುವಾಯಿತು. ಹೊಲದ ಕೂಲಿಗಳಿಗೆ ಅದು ದಕ್ಕಿದ್ದು 2020ರಲ್ಲಿ. ಕೊಯ್ಲಿನ ಹೊತ್ತಿಗೆ ಬದಲಿ ಆಳು ಸಿಗದ ರೈತನ ಕಷ್ಟ ಸುಳ್ಳಲ್ಲ. ಆದರೆ ಅಲ್ಲಿ ರಜೆಯ ಹಣ ಬರುವುದು ಕೆಲಸಗಾರರ ವಂತಿಗೆಯಿಂದಲೇ.

ದೂರದವರನ್ನು ದೂರಿ ಸುಮ್ಮನಾಗುವಂತಿಲ್ಲ. ನಮ್ಮ 1961ರ ಹೆರಿಗೆ ಸೌಲಭ್ಯ ಕಾಯ್ದೆ ದೊಡ್ಡ ಕಾಫಿ ತೋಟದ ಹೆಣ್ಣಾಳನ್ನು ಒಳಗೆ ಕರೆಯಿತು, ಪಕ್ಕದ ಗದ್ದೆಯವಳನ್ನು ಬೇಲಿಯಾಚೆಗೇ ಬಿಟ್ಟಿತು. ಅಜ್ಜಿಯ ಕತೆಯ ಹೆಂಗಸರು ಆ ಬೇಲಿಯಾಚೆಯವರು.